ಹಸಿರು ದೀಪದ ಡಬ್ಬಿ

ತೀನ್ ಕಂದೀಲ್ ಹಿಂದ ನಂದೊಂದು ಬಳಿ ಅಂಗಡಿ.
ಹಗಲು ಗಾಜು, ರಾತ್ರಿ ಸ್ಕ್ರೂಡ್ರೈವರು.
ಬಿಚ್ಚದ ವಸ್ತುವನ್ನ ನಾ ನಂಬಂಗಿಲ್ಲ,
ಬಿಚ್ಚಿದ ಮ್ಯಾಲ ನನ್ನಾಕಿ ನನ್ನ ನಂಬಂಗಿಲ್ಲ.

ಮಂಡಾಳು ಒಗ್ಗರಣಿ ಹೋಟೆಲಿನ ಹುಸೇನಮ್ಮ
ಬಿಳೇ ಡಬ್ಬಿಯೊಂದು ತಂದು ಗಲ್ಲೆದ ಮ್ಯಾಲಿಟ್ಟಳು:
"ಪ್ಲಗ್ಗಿಗೆ ಚುಚ್ಚಿದರ ಸಾಕಂತ,
ಕರೆಂಟು ತಾನ ಉಳೀತದಂತ,
ಬಿಲ್ಲು ಅರ್ಧಕ್ಕರ್ಧ ಅಂತ."
ಮೂರು 'ಅಂತ' ಒಟ್ಟಿಗೆ ಬಂದ್ರ ನನ್ನ ಕೈ ಕೆರೀತದ.
ಮಾರಿದಾಂವ ಟೈ ಕಟ್ಟಿದ್ದನಂತ.
ರಾಯಚೂರಾಗ. ಮೇ ತಿಂಗಳದಾಗ.
ಅಲ್ಲೇ ಅನುಮಾನ ಬರಬೇಕಿತ್ತು ಆಕಿಗೆ.

ನಾಕು ಸ್ಕ್ರೂ ತೆಗೆದೆ.
ಪ್ಲಗ್ಗಿಂದ ಕಿತ್ತು ಅದೆಷ್ಟೋ ಹೊತ್ತಾಗಿತ್ತು, ಆದ್ರೂ
ಚಟ್ ಅಂತ ಬೆರಳು ಕಚ್ಚಿತು ಕೆಪಾಸಿಟರು.
ಅದರ ಜೋಡಿ ಎರಡು ರೆಸಿಸ್ಟರು,
ಸಾಬೂದಾಣಿ ಕಾಳಿನಷ್ಟು ಹಸಿರು ಎಲ್‌ಇಡಿ,
ಉಳಿದದ್ದೆಲ್ಲ ತೂಕಕ್ಕಂತ ತುಂಬಿದ ಉಸುಕು.
ಕೃಷ್ಣಾದ್ದೋ ತುಂಗಭದ್ರಾದ್ದೋ
ಅದನ್ನ ಅಳೆಯೋ ಮೀಟರು ನನ್ನ ಬಲ್ಲೆ ಇಲ್ಲ.

ಕೇಳು ಹುಸೇನಮ್ಮ, ಅಂದೆ.
ನಿನ್ನ ಫ್ರಿಜ್ಜಿನ ಮೋಟಾರದಲ್ಲ, ಅದು
ಸೇರು ಅಕ್ಕಿ ಕಡ ತಂದು ಮುಕ್ಕಾಲು ಸೇರು ಉಂಡು
ಪಾವು ತಿರುಗಿ ಕೊಡೋ ಪೈಕಿ.
ಕಂಬದಿಂದ ಮನಿಗೆ, ಮನಿಯಿಂದ ಕಂಬಕ್ಕ,
ಸೆಕೆಂಡಿಗೆ ನೂರು ಸಲ ಆ ಪಾವು ಓಡಾಡತದ.
ಈ ಕೆಪಾಸಿಟರು ಏನು ಮಾಡತದ?
ಆ ಪಾವನ್ನ ಮನ್ಯಾಗ ಹಿಡಿದಿಟ್ಟು ಕೊಡತದ.
ವೈರಿನ ಓಡಾಟ ಕಡಿಮಿ, ಆಂಪಿಯರ್ ಇಳೀತದ.
ಟೈ ಕಟ್ಟಿದಾಂವ ತೋರಿಸಿದ್ದು ಅದನ್ನ.
ಸುಳ್ಳು ಹೇಳಿಲ್ಲ ಅಂವ, ಅರ್ಧ ಹೇಳಿ ಬಸ್ಸು ಹತ್ಯಾನ.
ಜೆಸ್ಕಾಂ ಮೀಟರು ನಿನ್ನ ಮನಿಯಾಗ
ಓಡಾಡಿದ್ದು ಬರಕೊಳ್ಳಂಗಿಲ್ಲವ್ವಾ,
ಉಂಡದ್ದು ಬರಕೊಳತದ.

ಆಕಿ ನಂಬಲಿಲ್ಲ. ಚಲೋ ಮಾಡಿದಳು,
ನಾನೂ ಬರೇ ಬಾಯಿಮಾತು ನಂಬಾಂವಲ್ಲ.
ಮೀಟರಿನ ಕೆಂಪು ದೀಪ ಮೂರು ಸಾವಿರದ ಇನ್ನೂರು ಸಲ
ಪಿಳಕಿಸಿದರ ಒಂದು ಯೂನಿಟ್ಟು.
ಫ್ರಿಜ್ಜು, ಒಂದು ಫ್ಯಾನು ಬಿಟ್ಟು ಎಲ್ಲ ಆರಿಸಿ
ಮೀಟರಿನ ಕೆಳಗ ಇಬ್ಬರೂ ಸ್ಟೂಲು ಹಾಕಿ ಕುಂತೆವು.
ಡಬ್ಬಿ ಚುಚ್ಚಿ ಹತ್ತು ನಿಮಿಷ: ಅರವತ್ತನಾಕು.
ಡಬ್ಬಿ ಕಿತ್ತು ಹತ್ತು ನಿಮಿಷ: ಅರವತ್ತನಾಕು.
ಆಕಿ ಲೆಕ್ಕದಾಗ ಅರವತ್ತಮೂರು.
ಒಂದು, ಆಕಿ ಸೊಳ್ಳಿ ಹೊಡೆಯೋವಾಗ ಹೋತು.

ಮ್ಯಾಲ ಆ ಹಸಿರು ದೀಪ, ಅದಕ್ಕ ಯಾರು ಕೊಡತಾರ?
ತಿಂಗಳಿಗೆ ಅರ್ಧ ಯೂನಿಟ್ಟು ಅದ ತಿಂತದ.
ಶಕ್ತಿನಗರದ ಚಿಮಣಿ ಒಂದು ಹಿಡಿ ಕಲ್ಲಿದ್ದಲು ಸುಟ್ಟು
ನಿನ್ನ ಉಳಿತಾಯ ಬೆಳಗಿಸಾಕ ಹತ್ತ್ಯದ, ಅಂದೆ.
ಈ ಮಾತು ನನಗ ಭಾಳ ಹಿಡಿಸಿತು.
ರಾತ್ರಿ ಮನ್ಯಾಗ ಎರಡು ಸಲ ಹೇಳಿದೆ.

ತಿಂಗಳಾದ ಮ್ಯಾಲ ಹುಸೇನಮ್ಮ ಬಂದಳು,
ಬಿಲ್ಲು ಬಡಿದಳು ಗಲ್ಲೆದ ಮ್ಯಾಲ.
ನೂರಾ ಹತ್ತು ರೂಪಾಯಿ ಕಡಿಮಿ.

ಮಲ್ಟಿಮೀಟರಿನ ಸೆಲ್ಲು ಬದಲಿಸಿದೆ;
ಸೆಲ್ಲು ಸತ್ತರ ಅದೂ ಹೆಚ್ಚು ಹೇಳತದ, ಮನಷ್ಯಾರ ಹಂಗ.
ಹಳೇ ಬಿಲ್ಲು ತರಿಸಿದೆ, ಕೂಡಿಸಿದೆ, ಕಳೆದೆ.
ಖರೇನ ಕಡಿಮಿ.

ಮರುದಿನ ಒಂದು ಪ್ಲೇಟು ಒಗ್ಗರಣಿ ಹೇಳಿ
ಮೂಲ್ಯಾಗ ಕುಂತು ನೋಡಿದೆ.
ಗಿರಾಕಿ ಎದ್ದ ಕೂಡಲೆ ಅವನ ತಲಿಮ್ಯಾಲಿನ ಫ್ಯಾನು ಬಂದ್.
ನಡು ಮಧ್ಯಾಹ್ನ ಟ್ಯೂಬು ಬಂದ್.
ಟಿವಿ ಮ್ಯಾಲ ಕುಂಚಿಗಿ.
"ಇದೇನವ್ವಾ?" ಅಂದೆ.
"ಪಾಪ, ಡಬ್ಬಿ ಒಂದ ದುಡೀತದ," ಅಂದಳು,
"ನಾವೂ ಒಂದೀಟು ಸಾಥ್ ಕೊಡಬ್ಯಾಡೇನು?"

ಬಾಯಾಗ ಮಿರ್ಚಿ ಇತ್ತು, ಮಾತಾಡಲಿಲ್ಲ.
ಡಬ್ಬಿಯ ಮುಚ್ಚಳ ಅಲುಗಾಡತಿತ್ತು.
ಮೂರು ಸ್ಕ್ರೂ ಅಂವ ಬಿಗಿದದ್ದಲ್ಲ, ನಾ ಬಿಗಿದದ್ದು.
ನಾಕನೇದು ನನ್ನ ಅಂಗಿ ಕಿಸೆದಾಗ ಅದ,
ಇನ್ನೂ.