ವಾಶರಿನ ಹಾಳೆ

ಉದ್ಯಮಬಾಗದ ಮೂರನೇ ಗಲ್ಲಿ, ಶನಿವಾರ, ಸಂಜೆ ಐದೂವರೆ.
ಅರವತ್ತು ಟನ್ನಿನ ಪ್ರೆಸ್ಸಿನ ಜೋಡಣೆ
ಪರದೆಯ ಮೇಲೆ ಮುಗಿದಿತ್ತು.
ಒಂದೇ ಒಂದು ಗುಂಡಿ ಒತ್ತಿದೆ,
ಹಾಳೆಗಳು ಹುಟ್ಟತೊಡಗಿದವು.

ಬೆಡ್ಡಿಗೊಂದು, ಕಂಬಕ್ಕೊಂದು,
ಎದುರಿನ ಕಂಬ ಅದರದೇ ಕನ್ನಡಿ, ಅದಕ್ಕೂ ಒಂದು.
ಸಿಲಿಂಡರು, ಪಿಸ್ಟನ್ನು, ಸರಿ.
ಆಮೇಲೆ ಬೋಲ್ಟು. ಆಮೇಲೆ ನಟ್ಟು.
ಆಮೇಲೆ ಒಂದು ವಾಶರು:
ಎ-ಮೂರರ ಇಡೀ ಬಯಲಿನಲ್ಲಿ
ವೃತ್ತದೊಳಗೊಂದು ವೃತ್ತ, ಪಕ್ಕಕ್ಕೆ ಎರಡು ಗೆರೆ,
ಕೆಳಗೆ ಮೂಲೆಯ ಚೌಕದಲ್ಲಿ
ಬರೆದವರು, ರತ್ನಮಾಲಾ ಹುದ್ದಾರ.
ನಾನು ಬರೆದಿರಲಿಲ್ಲ.

ನೂರಾ ಹದಿನೇಳು.
ಜಿನ್ನಪ್ಪ ಚೌಗುಲೆ, ಫೋರಮನ್, ಕನ್ನಡಕ ಹಣೆಗೇರಿಸಿ:
"ಏನವಾ ತಂಗಿ, ವಾಶರಿಗೂ ಜಾತಕ ಬರಸಿದೇನ?
ಖಡೇಬಜಾರದಾಗ ಕಿಲೋದಲೆ ತೂಗಿ ಕೊಡ್ತಾರ ಅದನ್ನ."

ಮತ್ತೆ ಕೂತೆ.
ಇರುವುದೆಲ್ಲಕ್ಕೂ ಒಂದು ಹಾಳೆ ಬೇಕೆಂಬುದು
ಆ ಯಂತ್ರದ ಶ್ರದ್ಧೆ.
ಸೆಟ್ಟಿಂಗಿನ ಒಳಗೆ, ಒಳಗಿನ ಒಳಗೆ, ಒಂದು ಪಟ್ಟಿ,
ಹೆಸರು ಹೆಸರಿನ ಮುಂದೆ ಟಿಕ್ಕು.
ಕೊಂಡು ತರುವುದೆಲ್ಲ, ತೆಗೆ.
ಕನ್ನಡಿ ಕಂಬ, ತೆಗೆ, ಮೊದಲಿನದರಲ್ಲೇ ಒಂದು ಸಾಲು ಬರೆ.
ಬೆಸೆದು ಒಂದಾಗುವ ಏಳು ಪ್ಲೇಟಿಗೆ ಏಳು ಹಾಳೆ ಯಾಕೆ,
ಒಂದೇ ಒಲೆಯ ಮನೆಯ ಹಾಗೆ ಕೂಡಿಸು.
ಹೊಸದೇನು ಬಂದರೂ ತಾನಾಗಿ ಹಾಳೆ ಮಾಡು
ಎಂಬ ಎಲ್ಲಕ್ಕೂ ಮೇಲಿನ ಟಿಕ್ಕಿನಲ್ಲಿ
ಬೆರಳು ಸ್ವಲ್ಪ ಹೊತ್ತು ನಿಂತಿತು.
ತೆಗೆದೆ.
ಹತ್ತೊಂಬತ್ತು ಉಳಿದವು.

ಹತ್ತೊಂಬತ್ತನ್ನೂ ಬೆಂಚಿನ ಮೇಲೆ ಹರಡಿ
ಟರ್ನರ್ ದಸ್ತಗೀರ ಕಿಲ್ಲೇದಾರ
ಎಣ್ಣೆಗೈ ಪ್ಯಾಂಟಿಗೆ ಒರೆಸಿ, ಅಂಚು ಮಾತ್ರ ಹಿಡಿದು
ಒಂದೊಂದೇ ಮಗುಚಿದರು.
ಮತ್ತೆ ಮೊದಲಿನಿಂದ.
"ನಂದ ಎಲ್ಲೈತಿ?"
ಯಾವುದು, ಎಂದೆ.
ಕಿಸೆಯಿಂದ ತೆಗೆದದ್ದು ಹಿತ್ತಾಳೆಯ ಚೂರು,
ವೀಳ್ಯದೆಲೆಗಿಂತ ತುಸು ದಪ್ಪ.
ಸಿಲಿಂಡರಿಗೂ ಬೆಡ್ಡಿಗೂ ನಡುವೆ
ಇಪ್ಪತ್ತೆರಡು ವರ್ಷದಿಂದ, ಪ್ರತಿ ಪ್ರೆಸ್ಸಿಗೂ,
ಅವರು ಕತ್ತರಿಸಿ, ಉಜ್ಜಿ, ನೋಡಿ, ಮತ್ತೆ ಉಜ್ಜಿ ತೂರಿಸುವುದು.
ಅದಿಲ್ಲದೆ ಒಂದೂ ನೆಟ್ಟಗೆ ಇಳಿದಿಲ್ಲವಂತೆ.

ನನ್ನ ಜೋಡಣೆಯಲ್ಲಿ ಅದು ಇರಲೇ ಇಲ್ಲ,
ಎಲ್ಲ ಟಿಕ್ಕು ಇದ್ದಾಗಲೂ, ನೂರಾ ಹದಿನೇಳರಲ್ಲೂ.
ಪರದೆಯೊಳಗೆ ಮುಖಕ್ಕೆ ಮುಖ
ಕೂದಲು ತೂರದಂತೆ ಕೂಡುತ್ತದೆ.

ಇಪ್ಪತ್ತನೆಯ ಹಾಳೆಯನ್ನು ಕೈಯಾರೆ ತೆರೆದೆ.
ಉದ್ದ ಹೇಳಿದರು, ಬರೆದೆ. ಅಗಲ ಹೇಳಿದರು.
ದಪ್ಪ?
ಪ್ರೆಸ್ಸಿನ ಕಡೆ ನೋಡಿದರು, ಚೂರಿನ ಕಡೆ ನೋಡಿದರು.
"ಅದನ್ನ ಅದಕ್ಕ ಕೇಳಬೇಕವಾ."
ಬರೆದೆ: ದಪ್ಪ, ಜೋಡಿಸುವಾಗ ನೋಡಿಕೊಂಡು.
ಗೆರೆಯ ತುದಿಗೆ ಬಾಣವಿತ್ತು, ಅಂಕಿ ಇರಲಿಲ್ಲ.

ವಾಶರಿನ ಹಾಳೆಯನ್ನು ಚೌಗುಲೆ ಹರಿಯಲಿಲ್ಲ.
ಸೋಮವಾರ ಬಂದು ನೋಡಿದರೆ
ಚಹಾದ ಸ್ಟೋವಿನ ಹಿಂದಿನ ಗೋಡೆಗೆ
ಟೇಪು ಹಚ್ಚಿ ಅಂಟಿಸಿದ್ದರು.
"ಎಷ್ಟ ಗುಂಡಗ ಬಂದೈತಿ ನೋಡ. ಇರ್ಲಿ."
ನನ್ನ ಹೆಸರಿನ ಮೂಲೆ
ಆಗಲೇ ಹಬೆ ಬಡಿದು ಸುರುಳಿಯಾಗತೊಡಗಿತ್ತು.