ಜೋಮು

ಮೊದಲು ಬಂದಾಗ ಅದರ ಮೈಯೆಲ್ಲ ಹೊಟ್ಟಿನ ಹೊಗೆ.
ಮಂಡಕ್ಕಿ ಭಟ್ಟಿಯ ಬೆಚ್ಚಗಿನ ಚೀಲಗಳ ಸಂದಿಯಲ್ಲಿ
ಹುಟ್ಟಿದ ಐದರಲ್ಲಿ ಉಳಿದ ಒಂದು.
ಬೂದಿ ಬಣ್ಣ. ಒದ್ದೆ ಬಟ್ಟೆಯಲ್ಲಿ ಒರೆಸಿದೆ, ಹೋಗಲಿಲ್ಲ;
ಆಮೇಲೆ ಗೊತ್ತಾಯಿತು, ಅದು ಅದರದೇ ಬಣ್ಣ.

"ನನಗೇ ಯಾರಾದರೂ ಅನ್ನ ಕಲಸಿಕೊಡಬೇಕು,
ಇದನ್ನ ಯಾಕ ತಂದು ಬಿಟ್ಟಿಯೋ ಶೇಕ್ಷಾವಲಿ" ಅಂದೆ.
ಅಂದೆ ಎಂದರೆ, ಅನ್ನಲು ನೋಡಿದೆ.
ಆಗಿನ್ನೂ ಮಾತು ಬಾಯಿಯ ಎಡಗಡೆಯಿಂದ
ಜೊಲ್ಲಿನ ಜೊತೆ ಸೋರುತ್ತಿತ್ತು.

ಲಕ್ವ ಹೊಡೆದದ್ದು ಯುಗಾದಿ ಕಳೆದ ಮೂರನೇ ದಿನ.
ಎಡಗೈ ಮುಷ್ಟಿ ಕಟ್ಟಿತು, ಬಿಚ್ಚಲಿಲ್ಲ.
ಈ ಕೈ, ಗೊತ್ತೇನು,
ಮಿಲ್ಲಿನ ರೀಲಿಂಗ್ ಖಾತೆಯಲ್ಲಿ
ಹತ್ತೊಂಬತ್ತು ವರ್ಷ ಕಡಿದ ಎಳೆ ಕೂಡಿಸಿದ ಕೈ.
ನೂಲು ಕಡಿದದ್ದು ಕಣ್ಣಿಗೆ ಕಾಣುವ ಮೊದಲೇ
ಬೆರಳು ಗಂಟು ಹಾಕಿ ಮುಗಿಸಿರುತ್ತಿತ್ತು.
ಈಗ ರವಿಕೆಯ ಒಂದು ಹುಕ್ಕಿಗೆ ಅರ್ಧ ಬೆಳಗು.

ಫಿಸಿಯೋಥೆರಪಿಯ ಹುಡುಗಿ ನಾಜ್ನೀನ್
ಹಳದಿ ರಬ್ಬರ್ ಚೆಂಡು ಕೊಟ್ಟಳು:
"ದಿನಾ ನೂರು ಸಲ ಒತ್ತಬೇಕು ಕೊಟ್ರಕ್ಕ, ಎಣಿಸಬೇಕು."
ಒತ್ತಿದೆ. ಹನ್ನೆರಡಕ್ಕೆ ಬೇಸರ, ಹದಿಮೂರಕ್ಕೆ ಅಳು.
ಚೆಂಡು ತಿರುಗಿ ಏನೂ ಅನ್ನುವುದಿಲ್ಲ ನೋಡಿ.

ಬೆಕ್ಕು ಅನ್ನುತ್ತದೆ.
ಒಂದು ಮಧ್ಯಾಹ್ನ ತಾನೇ ಬಂದು
ಮುಷ್ಟಿಯ ಕೆಳಗೆ ತಲೆ ತೂರಿಸಿ ನೂಕಿತು,
ಮುಚ್ಚಿದ ಅಂಗಡಿಯ ಶಟರ್ ಎತ್ತುವ ಹಾಗೆ.
ಕಿರುಬೆರಳು ಮೇಲೆದ್ದಿತು, ಅದರ ಹಿಂದೆ ಉಂಗುರದ ಬೆರಳು.
ಅಂಗೈಗೆ ಏನೂ ತಿಳಿಯಲಿಲ್ಲ.
ಆದರೆ ಮೂಳೆ ಹಿಡಿದು ಹೆಗಲವರೆಗೂ ಹತ್ತಿಬಂತು
ಗುರ್ ಗುರ್ ಗುರ್.

ನಾನು ಆ ಸದ್ದು ಬಲ್ಲೆ.
ರಾತ್ರಿ ಪಾಳಿಯಲ್ಲಿ ಮಿಲ್ಲಿನ ಗೋಡೆಗೆ ಒರಗಿದರೆ
ಆಚೆ ಸಾವಿರ ಕದಿರು ತಿರುಗುವುದು ಬೆನ್ನಿಗೆ ಕೇಳುತ್ತಿತ್ತು.
ಮಿಲ್ಲು ನಿಂತಾಗ ದಾವಣಗೆರೆಗೆ ಕೆಲಸ ಹೋಯಿತು ಅಂದರು.
ನನಗೆ ನಿದ್ದೆಯೂ ಹೋಗಿತ್ತು,
ಅದಕ್ಕೆ ಯಾವ ಯೂನಿಯನ್ನು?
ಸದ್ದಿಲ್ಲದ ಮನೆಯಲ್ಲಿ ಕಿವಿಯೊಳಗೆ ಒಂದು ನೊಣ, ಎಷ್ಟೋ ವರ್ಷ.
ಅವತ್ತು ಅದಕ್ಕೆ ಕಂಡಿಕೆ ಎಂದು ಹೆಸರಿಟ್ಟೆ.
ಸುತ್ತಿಕೊಂಡು ಮಲಗಿದರೆ ಥೇಟ್ ಅದೇ.

ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಅಂತಾರೆ.
ಇದು ನನಗೇ ಕಟ್ಟಿತು:
ಐದಕ್ಕೆ ಏಳು, ಬಾಗಿಲು ತೆಗೆ, ಬಗ್ಗು, ಹಾಲು ಸುರಿ,
ಚೆಲ್ಲಿದ್ದು ಒರೆಸು, ಮತ್ತೆ ಬಗ್ಗು.
ನಾಜ್ನೀನ್ ಬರೆದುಕೊಟ್ಟ ಹಾಳೆಯಲ್ಲಿ
ಇವಕ್ಕೆಲ್ಲ ಬೇರೆ ಹೆಸರಿದ್ದವು.
ಭಾನುವಾರ ತಂಗಿಯ ಮಗ ಬೆಣ್ಣೆ ದೋಸೆ ತರುತ್ತಾನೆ.
ಮೇಲಿನ ಬೆಣ್ಣೆಯನ್ನು ಡಾಕ್ಟರು ನನಗೆ ಬಿಡಿಸಿದ್ದಾರೆ,
ಕಂಡಿಕೆಗೆ ಯಾರೂ ಬಿಡಿಸಿಲ್ಲ.
ಹೋದ ತಿಂಗಳು ಬಿ.ಪಿ. ನೋಡಿದವರು
ಪಟ್ಟಿ ಬಿಚ್ಚಿ ಇನ್ನೊಮ್ಮೆ ಸುತ್ತಿ ನೋಡಿದರು.
"ಗುಳಿಗೆ ಬದಲಾಯಿಸಿದಿರೇನು?"
ಸೆರಗಿನ ಮೇಲಿನ ಕೂದಲು ಕೊಡವಿಕೊಂಡು ಸುಮ್ಮನಿದ್ದೆ.

ಪರಚಿದ್ದೂ ಇದೆ. ಚಾಪೆಯ ಒಂದು ಅಂಚು ಈಗ ಇಲ್ಲ.
"ಎದ್ದ ಕೂಡಲೇ ಬೆಕ್ಕಿನ ಮುಖ ನೋಡ್ತೀಯಲ್ಲೇ,
ಏನ್ ಒಳ್ಳೇದಾಗತೈತಿ ನಿನಗ?" ಓಣಿಯ ಹಾಲಮ್ಮ ಕೇಳಿದಳು.
"ಇನ್ನೇನ್ ಕೆಟ್ಟದಾಗಬೇಕಿತ್ತೇ" ಅಂದೆ.
ಪೂರ್ತಿ ಮಾತು. ಒಂದು ಹನಿ ಜೊಲ್ಲಿಲ್ಲದೆ.

ನಿನ್ನೆ ರಾತ್ರಿ ಎಡತೋಳನ್ನೇ ದಿಂಬು ಮಾಡಿಕೊಂಡು
ಒಂದೇ ಮಗ್ಗುಲಲ್ಲಿ ಮಲಗಿತ್ತು, ಬೆಳಗಿನ ತನಕ.
ಎಚ್ಚರಾದಾಗ ಮೊಣಕೈಯಿಂದ ಕೆಳಗೆ ಇರುವೆ.
ಸಾಲುಸಾಲು ಇರುವೆ, ಕಟ್ಟಿರುವೆ, ಉಗುರಿನ ಬುಡದವರೆಗೆ.
ಕೊಡವಲು ಬಲಗೈ ಎತ್ತಿದವಳು
ಎತ್ತಿದ ಹಾಗೇ ಉಳಿದೆ.
ಇರುವೆಯಲ್ಲ. ಜೋಮು.
ಹತ್ತು ತಿಂಗಳಿಂದ, ಬಿಸಿ ತವೆ ತಾಗಿದರೂ
ವಾಸನೆ ಬಂದ ಮೇಲಷ್ಟೇ ಗೊತ್ತಾಗುತ್ತಿದ್ದ ಕೈಯಲ್ಲಿ
ಜೋಮು!

ಐದಾಯಿತು. ಹಾಲಿನವನ ಸೈಕಲ್ಲು ಬಂದು ಹೋಯಿತು.
ಕಂಡಿಕೆ ಏಳಲಿಲ್ಲ. ನಾನೂ ಅಲ್ಲಾಡಲಿಲ್ಲ.
ಚುಚ್ಚಲಿ,
ಇನ್ನಷ್ಟು ಹೊತ್ತು ಚುಚ್ಚಲಿ.