ಹದಿಮೂರು ಮನೆ

ಅತ್ತಾವರದ ಈ ಆಸ್ಪತ್ರೆಯ ಎರಡನೇ ಮಾಳಿಗೆಯಲ್ಲಿ
ಇಸಿಜಿ ಕೋಣೆ. ಕಿಟಕಿಯಿಲ್ಲ, ಎಸಿ ಉಂಟು.
ಎದೆಗೆ ಆರು, ಕೈಕಾಲಿಗೆ ನಾಲ್ಕು ತಂತಿ ಸಿಕ್ಕಿಸಿ
ಹತ್ತೊಂಬತ್ತು ವರ್ಷದಿಂದ ನಾನು ಹೇಳುವುದು ಇಷ್ಟೇ:
ಅಲುಗಾಡಬೇಡಿ. ಮಾತಾಡಬೇಡಿ. ಆಯ್ತು, ಏಳಿ.

ಪ್ರಾಪ್ತಿಗೆ ಹನ್ನೊಂದು. ಈಜುಕೊಳದಲ್ಲಿ
ಎರಡನೇ ಸುತ್ತಿಗೆ ತಿರುಗುವಾಗ ಕಲ್ಲಿನಂತೆ ಮುಳುಗಿದಳಂತೆ.
ಎತ್ತಿ ಮಲಗಿಸಿದ ಮೇಲೆ ಕಣ್ಣುಬಿಟ್ಟು
ಏನೂ ಆಗಿಲ್ಲ ಅಂದಳಂತೆ.
ಮೊಗವೀರರ ಹುಡುಗಿ ನೀರಿಗೆ ಹೆದರಿ ಬಿದ್ದಳೆಂದರೆ
ಬೆಂಗ್ರೆಯಲ್ಲಿ ಯಾರು ನಂಬುತ್ತಾರೆ?

ಕಾಗದ ಹೊರಬಂತು. ಗುಲಾಬಿ ಚೌಕಗಳ ಮೇಲೆ
ಮೊದಲು ಸಣ್ಣ ದಿಬ್ಬ, ಮತ್ತೆ ಸೂಜಿಯಂಥ ಶಿಖರ,
ಮತ್ತೆ ಆ ಕೊನೆಯ ತೆರೆ,
ಬಸ್ಸು ತಪ್ಪಿದವನ ಹಾಗೆ ತಡವಾಗಿ ಬಂದು ಕೂತಿತ್ತು.
ಹತ್ತು ಚಿಕ್ಕ ಮನೆಯೊಳಗೆ ಮುಗಿಯಬೇಕಾದ್ದು
ಹದಿಮೂರಕ್ಕೆ ಮುಗಿದಿತ್ತು.
ನಾನು ಡಾಕ್ಟರಲ್ಲ. ಸುಮ್ಮನೆ ಇನ್ನೊಂದು ಸಲ ತೆಗೆದೆ.
ಹದಿಮೂರೇ.

ನನ್ನ ಅಪ್ಪ, ಕಿನ್ನಿಗೋಳಿಯ ಕಾಸ್ಮೀರ್ ಸಲ್ಡಾನ,
ಕಿಂಡಿ ಅಣೆಕಟ್ಟಿಗೆ ಹಲಗೆ ಹಾಕುತ್ತಿದ್ದರು.
ಉಪ್ಪುನೀರು ಗದ್ದೆಗೆ ಏರದ ಹಾಗೆ ಡಿಸೆಂಬರಿನಲ್ಲಿ ಇಳಿಸುವುದು,
ಮೊದಲ ಮಳೆಗೆ ಎತ್ತುವುದು.
ಇಳಿಸಲಿಕ್ಕೆ ಯಾರಾದರೂ ಸಾಕು,
ಎತ್ತಲಿಕ್ಕೆ ಬುದ್ಧಿ ಬೇಕು, ಅನ್ನುತ್ತಿದ್ದರು.
ಒಂದು ರಾತ್ರಿ ತಡವಾದರೆ ನೀರು ನಿಂತೇ ಬಿಡುತ್ತದೆ.

ಹೃದಯದ ಒಂದೊಂದು ಜೀವಕೋಶದ ಗೋಡೆಯಲ್ಲೂ
ಅಂಥ ಸಾವಿರ ಕಿಂಡಿ.
ಸೋಡಿಯಂ ನುಗ್ಗುತ್ತದೆ, ಭರತದ ಹಾಗೆ,
ರೆಪ್ಪೆ ಬಡಿಯುವ ಮೊದಲೇ;
ಬೆನ್ನಿಗೇ ಕ್ಯಾಲ್ಸಿಯಂ; ಸ್ನಾಯು ಬಿಗಿಯುತ್ತದೆ;
ಕೊನೆಗೆ ಪೊಟ್ಯಾಸಿಯಂ ಹೊರಗೆ ಹರಿದು
ಮನೆ ಖಾಲಿ ಮಾಡಿ, ಮುಂದಿನ ಬಡಿತಕ್ಕೆ ಚಾಪೆ ಹಾಸಬೇಕು.
ಈ ಕೊನೆಯ ಹಲಗೆ ಎತ್ತುವವ ನಿಧಾನಿ ಎಂದಿಟ್ಟುಕೊಳ್ಳಿ.
ನಿದ್ದೆಯಲ್ಲಿ ನಡೆಯುತ್ತದೆ, ಶಾಲೆಯಲ್ಲಿ ನಡೆಯುತ್ತದೆ.
ಈಜುವಾಗ, ಬಡಿತ ಓಡುವಾಗ,
ಹಳೆ ನೀರು ಇಳಿಯುವ ಮೊದಲೇ ಹೊಸ ಭರತ.
ಎದೆ ಆಮೇಲೆ ಬಡಿಯುವುದಿಲ್ಲ,
ಬರೀ ನಡುಗುತ್ತದೆ.

ರಕ್ತ ದೂರದ ಲ್ಯಾಬಿಗೆ ಹೋಗಿ ಆರು ವಾರಕ್ಕೆ ಉತ್ತರ ಬಂತು:
ವಂಶವಾಹಿಯಲ್ಲಿ ಒಂದಕ್ಷರ. ಒಂದೇ.
ಎತ್ವದ ಜಾಗಕ್ಕೆ ಒತ್ವ ಬಿದ್ದ ಹಾಗೆ.
'ತೆರೆ' ಎಂದಿದ್ದದ್ದನ್ನು
'ತೊರೆ' ಎಂದು ಓದಿಕೊಂಡಿತ್ತು ಕಿಂಡಿ.

ಅಪ್ಪನ ತಾಯಿ ಲಚ್ಚಕ್ಕನನ್ನೂ ಕರೆಸಿದರು.
"ಹುಡುಗಿ ಅವಳಮ್ಮನ ಬರಿಯಲ್ವಾ,
ನನ್ನ ಬರಿಯಲ್ಲ. ನನ್ನದು ಅದಕ್ಕೆ ಹೇಗೆ ಬಂತು?"
ಇದಕ್ಕೆ ಬರಿ ಇಲ್ಲಮ್ಮ, ಅಂದರು ಡಾಕ್ಟರ್,
ನಾಣ್ಯ ಚಿಮ್ಮಿದ ಹಾಗೆ. ಅತ್ತ ಬಿದ್ದರೆ ಅತ್ತ.

ಮಲಗಿಸಿದೆ. ಎಪ್ಪತ್ತೆರಡು ವರ್ಷದ ಎದೆ.
ಹನ್ನೆರಡೂವರೆ ಮನೆ.
ಒಂದು ದಿನವೂ ತಲೆ ತಿರುಗಿದ್ದಿಲ್ಲವಂತೆ.
ಎದ್ದು ಕೂತು ಸೆರಗು ಸರಿಮಾಡುತ್ತ ಕೇಳಿದರು:
"ಹಾಗಾದರೆ ನನ್ನ ಯಾದವ?"

ಹದಿನಾಲ್ಕರ ಮಗ. ಕೈರಂಪಣಿ ಎಳೆಯುವಾಗ
ಸೊಂಟದಷ್ಟು ನೀರಿನಲ್ಲಿ ಹೋದವ.
ಕಾಲು ಜಾರಿತು ಅಂದರು, ಗಾಳಿ ಸೋಕಿತು ಅಂದರು,
ದರ್ಶನದಲ್ಲಿ ಕೇಳಿದರು, ಹರಕೆ ಹೊತ್ತರು.
ಆ ಬೆಳಗ್ಗೆ ಬೈದು ಎಬ್ಬಿಸಿ ಕಳಿಸಿದವಳು ತಾನು.
ಮೂವತ್ತಮೂರು ವರ್ಷ, ಊರೆಲ್ಲ ಕಡಲಿಗೆ ಹಾಲೆರೆಯುವ ದಿನ
ಹಿಂಬಾಗಿಲಲ್ಲಿ ಕೂತು ಪಾತ್ರೆ ತಿಕ್ಕಿದ್ದಾರೆ.

ಇರಬಹುದು, ಅಂದರು ಡಾಕ್ಟರ್.
ಖಂಡಿತ ಅನ್ನಲಿಕ್ಕಾಗುವುದಿಲ್ಲ.
ಸತ್ತ ಹುಡುಗನ ಇಸಿಜಿ ಯಾರ ಹತ್ತಿರವೂ ಇಲ್ಲ.

ಲಚ್ಚಕ್ಕ ಕಾಗದ ಕೇಳಿ ಪಡೆದು, ಬೆರಳಿಟ್ಟು ಮನೆ ಎಣಿಸಿದರು,
ಮೀನು ಎಣಿಸುವ ಹಾಗೆ, ಎರಡೆರಡಾಗಿ.
"ಕಡಲು ಅಲ್ಲ," ಅಂದರು.
ಸ್ವಲ್ಪ ಹೊತ್ತು ಬಿಟ್ಟು,
"ಕಡಲು ಅಲ್ಲ. ನಾನು."

ನನಗೆ ಗೊತ್ತಿದ್ದದ್ದು ಅಲುಗಾಡಬೇಡಿ ಎನ್ನಲಿಕ್ಕೆ ಮಾತ್ರ.
ಬಾಗಿಲಲ್ಲಿ ಪ್ರಾಪ್ತಿ. ದಿನಕ್ಕೆರಡು ಮಾತ್ರೆ, ಈಜು ಬಂದ್.
"ಅಜ್ಜೀ, ಕ್ಯಾಂಟೀನಿನಲ್ಲಿ ಗೋಳಿಬಜೆ ಬಿಸಿ ಉಂಟಂತೆ."

ಈ ಕಾಗದ ಸೆಕೆಗೆ ಮಾಸುತ್ತದೆ,
ಝೆರಾಕ್ಸ್ ಮಾಡಿಸಿಡಿ, ಎಂದೆ. ಅಷ್ಟೇ ಹೊಳೆದದ್ದು.
"ಮೂರು ಮಾಡಿಸು."
ಒಂದು ಪುಳ್ಳಿಯ ಚೀಲಕ್ಕೆ,
ಒಂದು ಟ್ರಾಲರಿನಿಂದ ಇಳಿಯುವ ಮಗನಿಗೆ.
ಮೂರನೆಯದನ್ನು ಸಣ್ಣಗೆ ಮಡಚಿ
ಸೆರಗಿನ ತುದಿಗೆ ಗಂಟು ಹಾಕಿಕೊಂಡರು,
ಮೀನಿನ ಚಿಲ್ಲರೆ ಕಟ್ಟುವ ಕಡೆ.